ಕ್ರೀಮ್ ಆಫ್ ಟಾರ್ಟಾರ್: ಅಡುಗೆಮನೆಯ ಒಣ ಹುಳಿ

ದ್ರಾಕ್ಷಿಯ ರಸ ಹುದುಗಿ ವೈನ್ ಆಗುವಾಗ ಪೀಪಾಯಿಯ ಒಳಮೈಗೆ ಕಟ್ಟಿಕೊಳ್ಳುವ ಹರಳುಗಳನ್ನು ಕೆರೆದು, ಬಿಸಿನೀರಿನಲ್ಲಿ ಕರಗಿಸಿ ಶುದ್ಧಗೊಳಿಸಿದಾಗ ದೊರೆಯುವ ಬಿಳಿಯ ಪುಡಿಯೇ ಕ್ರೀಮ್ ಆಫ್ ಟಾರ್ಟಾರ್. ರಸಾಯನಶಾಸ್ತ್ರದಲ್ಲಿ ಇದು ಪೊಟ್ಯಾಸಿಯಂ ಬೈಟಾರ್ಟರೇಟ್, ಅಂದರೆ ಟಾರ್ಟಾರಿಕ್ ಆಮ್ಲದ ಒಂದು ಲವಣ. ಸ್ವೀಡನ್ನಿನ ರಸಾಯನತಜ್ಞ ಷೀಲೆ 1769ರಲ್ಲಿ ಈ ಲವಣದಿಂದಲೇ ಆ ಆಮ್ಲವನ್ನು ಬೇರ್ಪಡಿಸಿದನು. ಹುಣಸೆಹಣ್ಣಿನ ಹುಳಿಗೂ ಮುಖ್ಯ ಕಾರಣ ಅದೇ ಆಮ್ಲವಾದುದರಿಂದ ಕರ್ನಾಟಕದ ನಾಲಿಗೆಗೆ ಅದು ಹೊಸದಲ್ಲ.

ಇದರ ಗುಣ ನಿಚ್ಚಳವಾಗಿ ಗೋಚರಿಸುವುದು ಸಕ್ಕರೆ ಪಾಕದಲ್ಲಿ. ಪಾಕ ಗಟ್ಟಿಯಾಗುತ್ತ ಬಂದಾಗ ಪಾತ್ರೆಯ ಅಂಚಿನಲ್ಲಿ ಕರಗದೆ ಉಳಿದ ಕೆಲವೇ ಕಣಗಳು ಇಡೀ ಪಾಕವನ್ನು ಹರಳುಗಟ್ಟಿಸಬಲ್ಲವು. ಕುದಿಯುವ ಹಂತದಲ್ಲಿಯೇ ಒಂದು ಚಿಟಿಕೆ ಪುಡಿ ಬೆರೆಸಿದರೆ, ಸಕ್ಕರೆಯ ಒಂದು ಭಾಗ ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳಾಗಿ ಒಡೆದು, ಬಗೆಬಗೆಯ ಅಣುಗಳು ಒಂದಕ್ಕೊಂದು ಅಡ್ಡಬಂದು ಹರಳು ಕಟ್ಟುವುದು ತಪ್ಪುತ್ತದೆ. ಜಾಮೂನಿನ ಪಾಕಕ್ಕೆ ನಿಂಬೆರಸ ಹಿಂಡುವ ರೂಢಿಯ ಹಿಂದಿರುವುದೂ ಈ ತತ್ತ್ವವೇ. ಆದರೆ ಈ ಒಡೆತಕ್ಕೆ ಶಾಖ ಬೇಕಾದುದರಿಂದ ಪಾಕ ಆರಿದ ಮೇಲೆ ಸೇರಿಸಿದ ಪುಡಿ ವ್ಯರ್ಥವಾಗುತ್ತದೆ, ಅಳತೆ ಮೀರಿದರೆ ಪಾಕ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ ಎಂಬುದನ್ನು ಒಲೆಯ ಮುಂದೆ ಪಳಗಿದವರು ಬಲ್ಲರು.

ಮೆರಾಂಗ್‌ನಲ್ಲಿ, ಅಂದರೆ ಮೊಟ್ಟೆಯ ಬಿಳಿಯನ್ನು ಸಕ್ಕರೆಯೊಡನೆ ಕಡೆದು ಬೇಯಿಸುವ ತಿನಿಸಿನಲ್ಲಿ, ಇದರ ಕೆಲಸ ಬೇರೆ. ಕಡೆದಂತೆಲ್ಲ ಬಿಳಿಯ ಪ್ರೋಟೀನುಗಳು ಬಿಚ್ಚಿಕೊಂಡು ಗಾಳಿಗುಳ್ಳೆಗಳನ್ನು ಸುತ್ತುವರಿಯುತ್ತವೆ. ಅವು ಅತಿಯಾಗಿ ಬಿಗಿದುಕೊಂಡರೆ ನೊರೆ ಒಡೆದು ನೀರು ಬಿಡುತ್ತದೆ. ಆ ಅತಿಬಿಗಿತವನ್ನು ಆಮ್ಲ ತಡೆಯುತ್ತದೆ. ಒಂದು ಮೊಟ್ಟೆಯ ಬಿಳಿಗೆ ಟೀ ಚಮಚದ ಎಂಟನೆಯ ಒಂದು ಭಾಗ ಸಾಕು, ಅದನ್ನೂ ನೊರೆ ಏಳತೊಡಗಿದಾಗಲೇ ಹಾಕುವುದು ಲೇಸು. ಹಳದಿಯ ತೊಟ್ಟು ಬೆರೆತಿದ್ದರೆ ಅಥವಾ ಬಟ್ಟಲಿನಲ್ಲಿ ಜಿಡ್ಡಿದ್ದರೆ ಆ ಕೊರತೆಯನ್ನು ಈ ಪುಡಿ ತುಂಬಿಕೊಡಲಾರದು.

ಎರಡು ಪಾಲು ಕ್ರೀಮ್ ಆಫ್ ಟಾರ್ಟಾರಿಗೆ ಒಂದು ಪಾಲು ಅಡುಗೆ ಸೋಡ ಬೆರೆಸಿದರೆ ಮನೆಯಲ್ಲಿಯೇ ಬೇಕಿಂಗ್ ಪೌಡರ್ ಸಿದ್ಧವಾಗುತ್ತದೆ. ತೇವ ತಗುಲಿದೊಡನೆ ಇಂಗಾಲದ ಡೈಆಕ್ಸೈಡ್ ಹೊಮ್ಮತೊಡಗುವುದರಿಂದ ಒಲೆಯನ್ನು ಮೊದಲೇ ಕಾಯಿಸಿಟ್ಟುಕೊಂಡು, ಹಿಟ್ಟು ಕಲಸಿದ ಕೂಡಲೇ ಬೇಯಲು ಇಡಬೇಕು. ತಡಮಾಡಿದರೆ ಕೇಕು ಉಬ್ಬದು.

ಪಾಕಕ್ಕೂ ಮೊಟ್ಟೆಯ ನೊರೆಗೂ ನಿಂಬೆರಸ ಬದಲಿಯಾಗಬಲ್ಲದು, ಬೆಲೆಯೂ ಕಡಿಮೆ. ಕೂಡಿಡುವ ಬೇಕಿಂಗ್ ಪೌಡರಿಗೆ ಮಾತ್ರ ಒಣ ಆಮ್ಲವೇ ಆಗಬೇಕು, ಅಲ್ಲಿ ನಿಂಬೆ ನಡೆಯದು.