ಕಾಡು ಎಲ್ಲರದು ಎಂದ ಮೇಲೆ: ಒಂದೇ ಪಾಠವನ್ನು ಎರಡು ಬಾರಿ ಕಲಿಸಿದ ಅನುಭವ

ಹಿನ್ನೆಲೆ

ಅಭ್ಯಾಸ ಬೋಧನೆಗಾಗಿ ನನಗೆ ಬೀಳಗಿ ತಾಲೂಕಿನ ಒಂದು ಪ್ರೌಢಶಾಲೆ ದೊರೆಯಿತು. ತರಗತಿ ಒಂಬತ್ತು, ವಿಷಯ ಸಮಾಜ ವಿಜ್ಞಾನ, ಪಾಠಾಂಶ ‘ಅರಣ್ಯ ಸಂರಕ್ಷಣೆಯಲ್ಲಿ ಸಮುದಾಯದ ಸಹಭಾಗಿತ್ವ’. ನಾನು ಬನಹಟ್ಟಿಯ ನೇಕಾರ ಮನೆತನದವನು. ಮಗ್ಗದ ಸದ್ದಿನಲ್ಲಿ ಬೆಳೆದ ನನಗೆ ಕಾಡೆಂದರೆ ಪಠ್ಯಪುಸ್ತಕದ ಚಿತ್ರವೇ. ಹಾಗಾಗಿ ಚಿತ್ರ ಚೆನ್ನಾಗಿರುವ ಉದಾಹರಣೆಯನ್ನೇ ಆರಿಸಿಕೊಂಡೆ: ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯ ಕಾಂಡ್ಲಾ ಕಾಡು, ಅಂದರೆ ಮ್ಯಾಂಗ್ರೋವ್.

ಮೊದಲ ಬೋಧನೆ

ಚಾರ್ಟ್ ತೂಗುಹಾಕಿ ವಿವರಿಸಿದೆ. ಕಾಂಡ್ಲಾ ಗಿಡಗಳು ಉಪ್ಪುನೀರಿನಲ್ಲಿ ಬೆಳೆಯುತ್ತವೆ, ಬೇರುಗಳು ಮಣ್ಣನ್ನು ಹಿಡಿದಿಡುತ್ತವೆ, ಅವುಗಳ ನಡುವೆ ಮೀನುಮರಿ, ಸಿಗಡಿಗಳಿಗೆ ಆಸರೆ ಸಿಗುತ್ತದೆ. ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳ ಮಣ್ಣಿನ ಒಡ್ಡನ್ನು ಅಲೆಗಳ ಹೊಡೆತದಿಂದ ಕಾಪಾಡುತ್ತವೆ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ್ದನ್ನೂ ಹೇಳಿದೆ. ಮಕ್ಕಳು ಕೇಳಿಸಿಕೊಂಡರು. ಆದರೆ ಸಮುದ್ರ ನೋಡಿದವರು ಯಾರು ಎಂದಾಗ ಎದ್ದದ್ದು ಎರಡೇ ಕೈ.

“ಈ ಕಾಡು ಯಾರದು?” ಎಂದೆ. “ಸರಕಾರದ್ದು” ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು. “ಅಲ್ಲ, ಎಲ್ಲರದು” ಎಂದು ತಿದ್ದಿದೆ. ಹಿಂದಿನ ಬೆಂಚಿನಿಂದ ಕುರಿಗಾರರ ಮನೆಯ ಹುಡುಗನೊಬ್ಬ ಎದ್ದುನಿಂತ. “ಸರ್, ನಮ್ಮ ಕಡಿ ಅಡವೀನೂ ಎಲ್ಲಾರದೇನ್ರಿ?” “ಹೌದು.” “ಹಂಗಾರ ಕುರಿ ಮೇಸಾಕ ಯಾಕ ಕೇಳಬೇಕ್ರಿ?”

“ಅದು ಕಾನೂನು” ಎಂದೆ. ಗಂಟೆ ಬಾರಿಸಿತು. ಅವನು ಕುಳಿತ. ನನ್ನ ಪಾಠಯೋಜನೆಯಲ್ಲಿ ಆ ಪ್ರಶ್ನೆಗೆ ಜಾಗವೇ ಇರಲಿಲ್ಲ. ಸಹಭಾಗಿತ್ವ ಎಂಬ ತಲೆಬರಹದ ಕೆಳಗೆ ನಾನು ಬರೆದುಕೊಂಡಿದ್ದು ಸಸಿ ನೆಡುವುದು, ಘೋಷಣೆ ಕೂಗುವುದು, ಜಾಥಾ ಮಾಡುವುದು, ಇಷ್ಟೇ. ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಒಂದೇ ಸಾಲು ಬರೆದರು: ‘ಹುಡುಗ ಪಾಠ ಆರಂಭಿಸಿದ, ನೀವು ಮುಗಿಸಿಬಿಟ್ಟಿರಿ.’

ವಿಷಯ ಸಂಗ್ರಹ

ಆ ವಾರ ನಾನು ಓದಬೇಕಾಗಿದ್ದು ಸಮುದ್ರದ ಬಗ್ಗೆ ಅಲ್ಲ, ಆ ಮಕ್ಕಳ ಪಕ್ಕದ ಕಾಡಿನ ಬಗ್ಗೆ. ಬೀಳಗಿ ಮತ್ತು ಮುಧೋಳ ತಾಲೂಕುಗಳಲ್ಲಿ ಹರಡಿರುವ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ 2016ರಲ್ಲಿ ಘೋಷಣೆಯಾಯಿತು. ವಿಸ್ತೀರ್ಣ ಸುಮಾರು 96 ಚದರ ಕಿ.ಮೀ. ಕುರುಚಲು ಕಾಡು, ಕಲ್ಲುಗುಡ್ಡ. ಚಿಂಕಾರದ ಜೊತೆಗೆ ತೋಳ, ಕತ್ತೆಕಿರುಬ, ನರಿಗಳೂ ಇವೆ. ಮೇಯುವ ಚಿಂಕಾರಕ್ಕೂ ಕುರಿಗೂ ಬೇಕಾದದ್ದು ಅದೇ ಹುಲ್ಲು, ಅದೇ ಚಿಗುರು.

1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯನ್ನು ತೆರೆದು ನೋಡಿದಾಗ ನನ್ನ ಉತ್ತರ ಅರ್ಧಂಬರ್ಧವಾಗಿತ್ತೆಂದು ತಿಳಿಯಿತು. ರಾಷ್ಟ್ರೀಯ ಉದ್ಯಾನದಲ್ಲಿ ಜಾನುವಾರು ಮೇಯಿಸುವುದಕ್ಕೆ ನಿಷೇಧವಿದೆ. ವನ್ಯಜೀವಿಧಾಮದಲ್ಲಿ ಮೇಯಿಸುವುದನ್ನು ನಿಯಂತ್ರಿಸುವ, ಇಲ್ಲವೆ ತಡೆಯುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರಿಗಿದೆ. ಕಲಂ 33ಎ ಪ್ರಕಾರ ಧಾಮದ ಒಳಗಿನ ಹಾಗೂ ಅದರ 5 ಕಿ.ಮೀ. ಸುತ್ತಳತೆಯ ಜಾನುವಾರುಗಳಿಗೆ ಸಾಂಕ್ರಾಮಿಕ ರೋಗದ ಲಸಿಕೆ ಹಾಕಿಸಲು ಕ್ರಮ ಕೈಗೊಳ್ಳಬೇಕು. ಲಸಿಕೆ ಆಗದ ಜಾನುವಾರನ್ನು ಒಳಗೆ ಮೇಯಿಸುವಂತಿಲ್ಲ. ಕಲಂ 33ಬಿ ಧಾಮಕ್ಕೊಂದು ಸಲಹಾ ಸಮಿತಿ ಇರಬೇಕೆನ್ನುತ್ತದೆ. ಅದರಲ್ಲಿ ಪಂಚಾಯತ್ ರಾಜ್ ಸಂಸ್ಥೆಗಳ ಮೂವರು ಪ್ರತಿನಿಧಿಗಳಿರಬೇಕು. ಸುತ್ತಲಿನ ಜನರ ಪಾಲ್ಗೊಳ್ಳುವಿಕೆಯ ಬಗ್ಗೆ ಸಲಹೆ ನೀಡುವುದೂ ಅದರ ಕೆಲಸ. ಅಂದರೆ ‘ಯಾಕೆ ಕೇಳಬೇಕು’ ಎಂಬ ಪ್ರಶ್ನೆಗೆ ಕಾಯ್ದೆಯಲ್ಲಿಯೇ ಕಾರಣವೂ ಇದೆ, ಕೇಳಲು ವೇದಿಕೆಯೂ ಇದೆ.

ಧಾಮವಲ್ಲದ ಕಾಡುಗಳಿಗೆ ಬೇರೆ ದಾರಿಯಿದೆ. ಕರ್ನಾಟಕದಲ್ಲಿ 1993ರ ಆದೇಶದಿಂದ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆ ಆರಂಭವಾಯಿತು. ಊರವರು ಗ್ರಾಮ ಅರಣ್ಯ ಸಮಿತಿ ರಚಿಸಿಕೊಂಡು ಇಲಾಖೆಯೊಂದಿಗೆ ಕಾಡು ಬೆಳೆಸಿ ಕಾಯುತ್ತಾರೆ, ಉತ್ಪನ್ನದಲ್ಲಿ ಪಾಲು ಪಡೆಯುತ್ತಾರೆ. ಸಾಮೂಹಿಕ ಸಂಪನ್ಮೂಲಗಳ ಅಧ್ಯಯನಕ್ಕಾಗಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಓಸ್ಟ್ರಮ್ ಅವರ ನಿರ್ಣಯವೂ ಇದಕ್ಕೆ ಹತ್ತಿರವಿದೆ: ನಿಯಮದ ಭಾರ ಹೊರುವವರಿಗೆ ನಿಯಮ ರೂಪಿಸುವುದರಲ್ಲಿ ಪಾಲಿದ್ದರೆ ಸಂಪನ್ಮೂಲ ಉಳಿಯುವ ಸಾಧ್ಯತೆ ಹೆಚ್ಚು.

ಎರಡನೇ ಬೋಧನೆ

ಪೂರ್ವಜ್ಞಾನಕ್ಕೆ ಈ ಬಾರಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿ ಬ್ಯಾರೇಜ್ ತೆಗೆದುಕೊಂಡೆ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ 1989ರಲ್ಲಿ ಕೃಷ್ಣೆಗೆ ಕಟ್ಟಿದ ಬ್ಯಾರೇಜ್ ಅದು. “ಅವರು ಯಾಕೆ ದುಡಿದರು?” ಎಂದೆ. “ನೀರು ಅವರ ಹೊಲಕ್ಕ ಬರತಿತ್ರಿ” ಎಂದಳು ಒಬ್ಬ ಹುಡುಗಿ. ಕಪ್ಪುಹಲಗೆಯ ಮೇಲೆ ಎರಡು ಕಾಲಂ ಎಳೆದೆ: ‘ಯಾರು ಏನು ಕೊಟ್ಟರು’, ‘ಯಾರಿಗೆ ಏನು ಸಿಕ್ಕಿತು’. ಅದೇ ಕೋಷ್ಟಕದಲ್ಲಿ ಯಡಹಳ್ಳಿಯನ್ನು ತುಂಬಲು ಹೇಳಿದಾಗ ತರಗತಿ ಮೌನವಾಯಿತು. ಮೊದಲ ಕಾಲಂ ಬೇಗ ತುಂಬಿತು. ಎರಡನೆಯದು ತುಂಬಲಿಲ್ಲ.

ಅನ್ವೇಷಣೆಯ ಹಂತದಲ್ಲಿ ಐದು ಗುಂಪು ಮಾಡಿದೆ: ಕುರಿಗಾರರು, ಕಾಡಂಚಿನ ರೈತರು, ಸೌದೆ ತರುವ ಮಹಿಳೆಯರು, ಅರಣ್ಯ ಸಿಬ್ಬಂದಿ, ಗ್ರಾಮ ಪಂಚಾಯಿತಿ ಸದಸ್ಯರು. ಪ್ರತಿ ಗುಂಪಿಗೂ ಮೇಲಿನ ಮಾಹಿತಿಯ ಚೀಟಿ ಕೊಟ್ಟೆ. ವಾದ ಜೋರಾಗಿಯೇ ನಡೆಯಿತು. ಕೊನೆಗೆ ಹಲಗೆಯ ಮೇಲೆ ಮೂರು ನಿಯಮ ಉಳಿದವು: ಹುಲ್ಲು, ಸಸಿ ಎದ್ದುಬರುವ ತನಕ ಒಂದು ಭಾಗ ಮುಚ್ಚಿ, ಆಮೇಲೆ ಸರದಿ ಬದಲಿಸಬೇಕು, ಮೇಯಿಸಲು ಬಿಟ್ಟಲ್ಲಿ ಲಸಿಕೆಯಾದ ಕುರಿಗಳನ್ನಷ್ಟೇ ಬಿಡಬೇಕು, ಬೆಂಕಿ ಕಂಡವರು ಯಾರೇ ಇರಲಿ ಮೊದಲು ಸುದ್ದಿ ಮುಟ್ಟಿಸಬೇಕು. ಇವು ಮಕ್ಕಳ ನಿಯಮಗಳು, ಧಾಮದ ನಿಯಮಗಳಲ್ಲ ಎಂದು ಅಲ್ಲಿಯೇ ಸ್ಪಷ್ಟಪಡಿಸಿದೆ.

ವಿಸ್ತರಣೆಗೆ ಮತ್ತೆ ಅಘನಾಶಿನಿಯ ಚಾರ್ಟ್ ತೂಗುಹಾಕಿದೆ. ಅಲ್ಲಿ ನೀರು ಇಳಿದಾಗ ಜನ ಕೆಸರಿನಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸಿ ಬದುಕುತ್ತಾರೆ. “ಕಾಂಡ್ಲಾ ಒಳ್ಳೆಯದೆಂದು ಬಳಚು ಸಿಗುವ ಜಾಗದ ತುಂಬ ಸಸಿ ನೆಟ್ಟರೆ?” ಎಂದು ಕೇಳಿದೆ. ಕುರಿಗಾರರ ಹುಡುಗ ಕೈ ಎತ್ತದೆಯೇ ಹೇಳಿದ: “ಒಡ್ಡಿನ ಮುಂದ ನೆಡ್ರಿ. ಎಲ್ಲಿ ನೆಡಬಾರದು ಅಂತ ಆರಸೋರನ್ನ ಕೇಳ್ರಿ.” ಕಡಲು ಕಾಣದ ಹುಡುಗನಿಗೆ ಕಡಲಂಚಿನ ಕಾಡು ಅರ್ಥವಾಗಿತ್ತು.

ಮೌಲ್ಯಮಾಪನ ಮತ್ತು ಆತ್ಮಾವಲೋಕನ

‘ಅರಣ್ಯ ಸಂರಕ್ಷಣೆಯ ನಾಲ್ಕು ಕ್ರಮಗಳನ್ನು ಬರೆಯಿರಿ’ ಎಂಬ ಹಳೆಯ ಪ್ರಶ್ನೆಯನ್ನು ಬಿಟ್ಟೆ. ‘ಕಾಡಿಗೆ ಹೊಸ ನಿಯಮ ಬಂದರೆ ಯಾರು ಏನನ್ನು ಬಿಡಬೇಕಾಗುತ್ತದೆ? ಅವರಿಗೆ ಪ್ರತಿಯಾಗಿ ಏನು ಸಿಗಬೇಕು?’ ಎಂದು ಕೇಳಿದೆ. ಉತ್ತರಗಳು ಒಂದರಂತೆ ಇನ್ನೊಂದಿರಲಿಲ್ಲ.

ಕೊರತೆಗಳೂ ಉಳಿದವು. ಅರಣ್ಯ ಸಿಬ್ಬಂದಿಯ ಪಾತ್ರಧಾರಿಗಳು ಕೋಲು ಹಿಡಿದು ಗದರಿಸುವುದನ್ನೇ ಅಭಿನಯವೆಂದುಕೊಂಡರು. ಅವರ ಚೀಟಿಯಲ್ಲಿ ಕಷ್ಟಗಳನ್ನೂ ಬರೆಯಬೇಕಿತ್ತು. ಸೌದೆ ತರುವವರ ಗುಂಪಿಗೆ ಮಾತಿನ ಸರದಿ ಬಂದದ್ದು ಕೊನೆಯ ಮೂರು ನಿಮಿಷಕ್ಕೆ. ಊರ ಸಭೆಗಳಲ್ಲಿ ಆಗುವುದೇ ನನ್ನ ತರಗತಿಯಲ್ಲಿಯೂ ಆಯಿತು. ಮುಂದಿನ ಬಾರಿ ಆ ಗುಂಪಿನಿಂದಲೇ ಆರಂಭಿಸುತ್ತೇನೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಒಂದೇ. ಸಹಭಾಗಿತ್ವವನ್ನು ಸಸಿಯಿಂದ ಆರಂಭಿಸಬೇಡಿ, ಆ ಎರಡು ಕಾಲಂಗಳಿಂದ ಆರಂಭಿಸಿ. ಪಾಠ ಮುಗಿದ ಮೇಲೆ ಆ ಹುಡುಗ ಬಾಗಿಲ ಬಳಿ ನಿಂತಿದ್ದ. “ಸರ್, ಲಸಿಕಿ ಮಾತು ನಮ್ಮಪ್ಪಗ ಗೊತ್ತಿಲ್ರಿ. ಆ ಚೀಟಿ ಕೊಡ್ರಿ” ಎಂದ. ಕೊಟ್ಟೆ.