ಕಡತ ಮೊದಲು, ಕಲಂ ಆಮೇಲೆ

ನೀನು ಕೆಲಸಕ್ಕೆ ಹಾಜರಾದ ವಾರದಲ್ಲೇ ಪಂಚಾಯಿತಿ ಕಚೇರಿಯ ಗೋಡೆಯ ಫಲಕದಲ್ಲಿ ಹಿಂದಿನ ಪಿಡಿಒ ಹೆಸರು ಅಳಿಸಿ ನಿನ್ನ ಹೆಸರು ಬರೆಸುತ್ತಾರೆ. ಪಕ್ಕದಲ್ಲಿ ‘ಸಾರ್ವಜನಿಕ ಮಾಹಿತಿ ಅಧಿಕಾರಿ’ ಎಂದಿರುತ್ತದೆ. ಕಂದಾಯ ವಸೂಲಿ, ಕುಡಿಯುವ ನೀರು, ಇ-ಸ್ವತ್ತು, ಉದ್ಯೋಗ ಖಾತ್ರಿ, ಗ್ರಾಮಸಭೆ ಎಂದು ಓಡಾಡುವ ಗಡಿಬಿಡಿಯಲ್ಲಿ ಆ ಎರಡು ಸಾಲಿನ ಅರ್ಥವನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಮಾಹಿತಿ ಹಕ್ಕು ಕಾಯ್ದೆಯಡಿ ಮೊದಲ ಅರ್ಜಿ ಬಂದ ದಿನ ಪಕ್ಕದ ಮೇಜಿನಿಂದ ಒಂದು ಸಲಹೆ ಮಾತ್ರ ತಪ್ಪದೆ ಬರುತ್ತದೆ: ‘ಎಂಟು ಒಂದು ಜೆ ಹಾಕಿ ಒಂದು ಹಿಂಬರಹ ಕೊಟ್ಟುಬಿಡಿ ಮೇಡಂ, ಆಮೇಲೆ ಮೇಲ್ಮನವಿಯಲ್ಲಿ ನೋಡಿಕೊಳ್ಳೋಣ.’ ವೈಯಕ್ತಿಕ ಮಾಹಿತಿ ಎಂದು ನಿರಾಕರಿಸುವ ಕಲಂ ಅದು. ಆ ಸಲಹೆಯನ್ನು ಕೇಳಬೇಡ ಮಗಳೇ.

ನಾನು ಕಡತಕ್ಕೆ ಪುಟಸಂಖ್ಯೆ ಹಾಕುವ ಕೆಲಸದಿಂದ ಶುರುಮಾಡಿ ಮೇಲ್ಮನವಿ ಕೇಳುವ ಕುರ್ಚಿಯವರೆಗೆ ಬಂದವನು. ನನ್ನೆದುರು ಬಂದ ಪ್ರಕರಣಗಳಲ್ಲಿ ಗುಟ್ಟಾಗಿ ಇಡಬೇಕಾದ ಮಾಹಿತಿಯ ಜಗಳ ಬಹಳ ಕಡಿಮೆ. ಹೆಚ್ಚಿನವು ಕಡತವನ್ನೇ ತೆರೆಯದೆ ನಿರಾಕರಿಸಿದವು. ಕಡತ ತರಿಸಿ ಮೇಜಿನ ಮೇಲೆ ಬಿಚ್ಚಿದರೆ ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇರುತ್ತಿರಲಿಲ್ಲ. ಅದಕ್ಕೇ ಹೇಳುತ್ತೇನೆ, ಮೊದಲು ಕಡತ ನೋಡು, ಕಲಂ ಆಮೇಲೆ ನೋಡು. ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ.

ಈ ಮಾಹಿತಿ ಹಕ್ಕು ಎಲ್ಲಿಂದ ಬಂತು ಎನ್ನುವುದು ನಿನಗೆ ಗೊತ್ತಿರಲಿ. ರಾಜಸ್ಥಾನದ ಹಳ್ಳಿಗಳಲ್ಲಿ ಸರ್ಕಾರಿ ಕಾಮಗಾರಿಗೆ ಹೋಗುತ್ತಿದ್ದ ಕೂಲಿಗಳು ‘ನಮ್ಮ ಹಾಜರಿ ಪಟ್ಟಿ ತೋರಿಸಿ’ ಎಂದು ಕೇಳಿದರು. 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ತನ್ನ ಮೊದಲ ಜನಸುನವಾಯಿ, ಅಂದರೆ ಸಾರ್ವಜನಿಕ ವಿಚಾರಣೆ, ನಡೆಸಿತು. ಕಾಗದದಲ್ಲಿ ಇದ್ದದ್ದನ್ನು ಊರವರ ಎದುರು ಗಟ್ಟಿಯಾಗಿ ಓದಿದಾಗ, ಕೆಲಸಕ್ಕೇ ಬಾರದವರ ಹೆಸರಿನಲ್ಲಿ ಕೂಲಿ ಎತ್ತಿದ್ದು ಬಯಲಾಯಿತು. 1996ರಲ್ಲಿ ಇದೇ ಹಕ್ಕಿಗಾಗಿ ಬ್ಯಾವರ್ ಪಟ್ಟಣದಲ್ಲಿ ಅವರು 40 ದಿನ ಧರಣಿ ಕೂತರು. ನಮ್ಮ ಕರ್ನಾಟಕ 2000ದಲ್ಲೇ ತನ್ನದೊಂದು ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು. ಕೇಂದ್ರದ ಕಾಯ್ದೆ ಪೂರ್ತಿಯಾಗಿ ಜಾರಿಗೆ ಬಂದದ್ದು 2005ರ ಅಕ್ಟೋಬರ್ 12ರಂದು. ಆ ಕೂಲಿಗಳು ಕೇಳಿದ ಹಾಜರಿ ಪಟ್ಟಿ, ಬಿಲ್ಲು, ಓಚರುಗಳೇ ಇವತ್ತು ನಿನ್ನ ಬೀರುವಿನಲ್ಲಿವೆ.

ಇನ್ನು ಕೆಲಸಕ್ಕೆ ಬರೋಣ. ಅರ್ಜಿ ಬಂದ ಕೂಡಲೇ ಅದರ ಮೇಲೆ ದಿನಾಂಕದ ಮೊಹರು ಬೀಳಬೇಕು, ಪ್ರತ್ಯೇಕ ವಹಿಯಲ್ಲಿ ಏರಬೇಕು, ಅರ್ಜಿದಾರರಿಗೆ ಸ್ವೀಕೃತಿ ಸಿಗಬೇಕು. 30 ದಿನದ ಲೆಕ್ಕ ಆ ಮೊಹರಿನಿಂದ ಶುರು. ಒಬ್ಬರ ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ನಿಗದಿತ ನಮೂನೆಯಲ್ಲಿಲ್ಲ, ಅಕ್ಷರ ಚೆನ್ನಾಗಿಲ್ಲ ಎಂದು ತಿರುಗಿಸಿ ಕಳಿಸಬೇಡ. ಬರೆಯಲು ಬಾರದವರು ಬಂದರೆ ಅವರು ಹೇಳಿದ್ದನ್ನು ಬರೆದುಕೊಳ್ಳಲು ನೆರವಾಗುವುದು ನಿನ್ನ ಕರ್ತವ್ಯ ಎಂದು ಕಲಂ 6 ಹೇಳುತ್ತದೆ.

ಅದೇ ಕಲಂನಲ್ಲಿ ಇನ್ನೊಂದು ಮಾತಿದೆ. ಮಾಹಿತಿ ಏಕೆ ಬೇಕು ಎಂದು ಅರ್ಜಿದಾರರು ಹೇಳಬೇಕಾಗಿಲ್ಲ. ‘ಯಾಕೆ ಬೇಕಿತ್ತು, ಯಾರು ಹಾಕಿಸಿದ್ದು’ ಎಂದು ಫೋನು ಮಾಡಿ ಕೇಳುವ ಚಾಳಿ ನಮ್ಮ ಕಚೇರಿಗಳಲ್ಲಿ ಬೇರುಬಿಟ್ಟಿದೆ. ಅರ್ಜಿಯ ಫೋಟೋ ತೆಗೆದು ಸದಸ್ಯರ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು, ಗುತ್ತಿಗೆದಾರನಿಗೆ ‘ನಿನ್ನ ಮೇಲೆ ಅರ್ಜಿ ಬಂದಿದೆ’ ಎಂದು ಸುದ್ದಿ ಮುಟ್ಟಿಸುವುದು, ಇವನ್ನು ಯಾರು ಮಾಡಿದರೂ ಗದರಿಸಿ ನಿಲ್ಲಿಸು. ಪುಣೆ ಬಳಿಯ ತಳೇಗಾಂವ್‌ನಲ್ಲಿ ಭೂ ಅಕ್ರಮಗಳ ದಾಖಲೆಗಳನ್ನು ಹೊರತೆಗೆಯುತ್ತಿದ್ದ ಸತೀಶ್ ಶೆಟ್ಟಿ ಅವರನ್ನು 2010ರ ಜನವರಿಯಲ್ಲಿ ಬೆಳಗಿನ ವಾಯುವಿಹಾರದ ಹೊತ್ತಿನಲ್ಲಿ ಕೊಂದರು. ಅರ್ಜಿದಾರರ ವಿಳಾಸ ನಿನ್ನ ಕೈಗೆ ಬಂದಿರುವುದು ಉತ್ತರ ಕಳಿಸಲಿಕ್ಕೆ ಮಾತ್ರ.

ಕೇಳಿದ ವಿಷಯ ನಿನ್ನ ಕಚೇರಿಯದ್ದಲ್ಲದೆ ಇರಬಹುದು. ಅಜ್ಜಿಯೊಬ್ಬರು ತಮ್ಮ ವೃದ್ಧಾಪ್ಯ ವೇತನ ಯಾವ ಆದೇಶದ ಮೇಲೆ ನಿಂತಿತು ಎಂದು ಪಂಚಾಯಿತಿಗೆ ಅರ್ಜಿ ಕೊಡುತ್ತಾರೆ. ಅದರ ಕಡತ ಇರುವುದು ತಹಶೀಲ್ದಾರರ ಕಚೇರಿಯಲ್ಲಿ. ‘ನಮಗೆ ಸಂಬಂಧಿಸಿದ್ದಲ್ಲ’ ಎಂದು ಬರೆದು ಕೈತೊಳೆದುಕೊಳ್ಳುವಂತಿಲ್ಲ. 5 ದಿನದೊಳಗೆ ನೀನೇ ಆ ಕಚೇರಿಗೆ ವರ್ಗಾಯಿಸಿ, ಅಜ್ಜಿಗೂ ತಿಳಿಸಬೇಕು. ಒಂದು ಪುಟದ ಪತ್ರ, ಅಷ್ಟೇ. ಆದರೆ ಬಸ್ ಚಾರ್ಜು ಹಾಕಿಕೊಂಡು ಮೂರು ಕಚೇರಿ ಅಲೆಯುವ ಮುದುಕಿಗೆ ಆ ಒಂದು ಪುಟ ಎಷ್ಟು ದೊಡ್ಡದು ಎಂದು ನಿನಗೆ ನಾನು ಹೇಳಬೇಕಿಲ್ಲ.

ಈಗ ಒಂದು ಮಾಮೂಲಿ ಅರ್ಜಿ ತೆಗೆದುಕೊ. ಒಂದು ಓಣಿಯ ಸಿಸಿ ಚರಂಡಿಯ ಪೂರ್ತಿ ದಾಖಲೆ ಕೇಳಿದ್ದಾರೆ ಎನ್ನೋಣ. ಕ್ರಿಯಾಯೋಜನೆ, ಸಭೆಯ ನಡವಳಿ, ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ, ಬಿಲ್ಲು, ಫೋಟೋ. ಇದರಲ್ಲಿ ಅರ್ಧ ನಿನ್ನ ಬೀರುವಿನಲ್ಲಿದ್ದರೆ, ಅಳತೆ ಪುಸ್ತಕ ಇಂಜಿನಿಯರ್ ಕೈಯಲ್ಲಿರುತ್ತದೆ. ಬಾಯಲ್ಲಿ ಕೇಳಬೇಡ, ದಿನಾಂಕ ಹಾಕಿ ಬರವಣಿಗೆಯಲ್ಲಿ ಕೇಳು. ನೀನು ಹೀಗೆ ನೆರವು ಕೇಳಿದ ಅಧಿಕಾರಿ ಕೊಡದೆ ಕೂತರೆ, ಆ ತಪ್ಪಿನ ಮಟ್ಟಿಗೆ ಅವರನ್ನೇ ಮಾಹಿತಿ ಅಧಿಕಾರಿ ಎಂದು ಪರಿಗಣಿಸಬೇಕೆಂದು ಕಲಂ 5 ಹೇಳುತ್ತದೆ. ನಿನ್ನ ಪತ್ರದ ಕಚೇರಿ ಪ್ರತಿಯೇ ಮುಂದೆ ನಿನ್ನನ್ನು ಕಾಯುವುದು.

ಕಡತ ಬಂದ ಮೇಲೆ ಎಲ್ಲ ಹಾಳೆಗೂ ಪುಟಸಂಖ್ಯೆ ಹಾಕಿಸು. ಟಿಪ್ಪಣಿ ಹಾಳೆಗಳನ್ನೂ ಎಣಿಸು, ಅವೂ ಮಾಹಿತಿಯೇ. 64 ಪುಟವಾದರೆ ಪುಟಕ್ಕೆ 2 ರೂಪಾಯಿಯಂತೆ 128 ರೂಪಾಯಿ ಎಂದು ಲೆಕ್ಕ ಬಿಡಿಸಿ ತೋರಿಸಿ ಪತ್ರ ಬರೆ. ಅದು ಮೊದಲ ಒಂದೆರಡು ವಾರದಲ್ಲೇ ಹೋಗಲಿ. ಪತ್ರ ಕಳಿಸಿದ ದಿನದಿಂದ ಹಣ ಬರುವ ದಿನದವರೆಗಿನ ಕಾಲ 30 ದಿನದ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ತಿಳಿದುಕೊಂಡ ಕೆಲವರು ಬೇಕಂತಲೇ 29ನೇ ದಿನ ಶುಲ್ಕದ ಪತ್ರ ಕಳಿಸುತ್ತಾರೆ. ಕಾಗದದಲ್ಲಿ ಅದು ಸರಿ ಕಾಣಬಹುದು, ನಡತೆಯಲ್ಲಿ ಸರಿಯಲ್ಲ. ಬಡತನ ರೇಖೆಗಿಂತ ಕೆಳಗಿನವರಿಂದ ಅರ್ಜಿಯ 10 ರೂಪಾಯಿಯನ್ನೂ ಕೇಳಬಾರದು.

ಕಡತ ಓದಿ ಮುಗಿಸಿದ ಮೇಲೆ ಕಲಂ 8ಕ್ಕೆ ಬಾ. ಅದರಲ್ಲಿರುವ ವಿನಾಯಿತಿಗಳು ಬೇಕಾದವೇ. ದೇಶದ ಭದ್ರತೆ, ವ್ಯಾಪಾರದ ಗುಟ್ಟು, ದೂರು ಕೊಟ್ಟವನ ಪ್ರಾಣ, ಇವನ್ನೆಲ್ಲ ಕಾಪಾಡಬೇಕು. ಆದರೆ ವಿನಾಯಿತಿಯ ಅಂಕಿ ಬರೆದ ಮಾತ್ರಕ್ಕೆ ಕಾರಣ ಬರೆದಂತಾಗುವುದಿಲ್ಲ. ‘ತನಿಖೆ ನಡೆಯುತ್ತಿರುವುದರಿಂದ ಕೊಡಲಾಗದು’ ಎನ್ನುವ ಹಿಂಬರಹವನ್ನೇ ನೋಡು. ತನಿಖೆ ಇದೆ ಎನ್ನುವುದೊಂದೇ ಸಾಲದು, ಈ ಕಾಗದ ಹೊರಬಿದ್ದರೆ ತನಿಖೆಗೆ ಹೇಗೆ ಅಡ್ಡಿ ಎಂದು ತೋರಿಸಬೇಕು ಎಂದು ದೆಹಲಿ ಹೈಕೋರ್ಟ್ 2007ರಲ್ಲಿ ಭಗತ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು. ಮೇಲ್ಮನವಿಯಲ್ಲಿ ನಿರಾಕರಣೆ ಸರಿ ಎಂದು ರುಜುವಾತು ಮಾಡುವ ಹೊರೆ ಇರುವುದೂ ನಿನ್ನ ಮೇಲೆಯೇ, ಅರ್ಜಿದಾರರ ಮೇಲಲ್ಲ.

ಮೂರನೇ ವ್ಯಕ್ತಿಯ ವಿಚಾರದಲ್ಲೂ ಹೀಗೇ ಎಡವುತ್ತಾರೆ. ಗುತ್ತಿಗೆದಾರ ಗುಟ್ಟೆಂದು ಕೊಟ್ಟ ಕಾಗದವನ್ನು ಕೊಡುವ ಉದ್ದೇಶವಿದ್ದರೆ, 5 ದಿನದೊಳಗೆ ಅವನಿಗೆ ನೋಟಿಸು ಕೊಡಬೇಕು. ಹೇಳಿಕೊಳ್ಳಲು ಅವನಿಗೆ 10 ದಿನ ಇರುತ್ತದೆ, ನೀನು ತೀರ್ಮಾನಿಸಲು ಒಟ್ಟು 40 ದಿನ. ಅವನು ಬೇಡವೆಂದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ. ಅವನ ಆಕ್ಷೇಪವನ್ನು ತೂಗಿ ನೋಡಬೇಕಾದವಳು ನೀನು.

ಕಷ್ಟದ್ದು 8(1)(ಜೆ), ವೈಯಕ್ತಿಕ ಮಾಹಿತಿಯದ್ದು. ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿದೆಯೇ, ಹಿರಿದಾದ ಸಾರ್ವಜನಿಕ ಹಿತವಿದೆಯೇ ಎಂದು ತೂಗುವ ಮಾತು ಮೊದಲು ಅದರೊಳಗೇ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಆ ಮಾತುಗಳನ್ನು ಕಿತ್ತುಹಾಕಿತು. 2025ರ ನವೆಂಬರಿನಿಂದ ಆ ತಿದ್ದುಪಡಿ ಜಾರಿಯಲ್ಲಿದೆ. ಇದು ಹಿನ್ನಡೆ ಎಂದೇ ನನ್ನ ಅಭಿಪ್ರಾಯ. ಹೆಸರಿರುವ ಕಾಗದವೆಲ್ಲ ವೈಯಕ್ತಿಕ ಎಂದು ವಾದಿಸುವವರಿಗೆ ಅದು ದಾರಿ ಮಾಡಿಕೊಟ್ಟಿದೆ. ಆದರೂ ನೀನು ಎರಡು ವಿಷಯ ಮರೆಯಬೇಡ. ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ವಿನಾಯಿತಿ ಇದ್ದರೂ ಕೊಡಬಹುದು ಎನ್ನುವ 8(2) ಹಾಗೆಯೇ ಉಳಿದಿದೆ. ಸಹಾಯಧನ ಯೋಜನೆಗಳ ಫಲಾನುಭವಿಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಎನ್ನುವ 4(1)(ಬಿ) ಕೂಡ ಉಳಿದಿದೆ. ಮನೆ ಹಂಚಿಕೆಯ ಪಟ್ಟಿಯನ್ನು ‘ವೈಯಕ್ತಿಕ’ ಎಂದು ತಳ್ಳಿಹಾಕುವ ಮುನ್ನ ಇವೆರಡನ್ನೂ ಓದು.

ಪಟ್ಟಿಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಫೋನ್ ನಂಬರು ಇದ್ದರೆ ಅಷ್ಟನ್ನೇ ಮರೆಮಾಡಿ ಉಳಿದದ್ದನ್ನು ಕೊಡು. ಕಲಂ 10 ಇರುವುದೇ ಅದಕ್ಕೆ. ಮೂಲ ಕಡತಕ್ಕೆ ಮಸಿ ತಾಗಿಸಬಾರದು. ಜೆರಾಕ್ಸ್ ಪ್ರತಿಯ ಮೇಲೆ ಕಪ್ಪು ಮಾರ್ಕರ್ ಎಳೆದು, ಆ ಪ್ರತಿಯನ್ನು ಮತ್ತೊಮ್ಮೆ ಜೆರಾಕ್ಸ್ ಮಾಡಿಸಿ ಎರಡನೆಯದನ್ನು ಕೊಡಬೇಕು. ಮೊದಲನೆಯದನ್ನೇ ಕೊಟ್ಟರೆ ಬೆಳಕಿಗೆ ಹಿಡಿದಾಗ ಮಸಿಯ ಕೆಳಗಿನ ಅಂಕಿ ಕಾಣುತ್ತದೆ. ಯಾವ ಭಾಗವನ್ನು ಯಾಕೆ ತೆಗೆದೆ ಎಂದು ಪತ್ರದಲ್ಲಿ ಬರೆಯಬೇಕು.

‘ಕಡತ ಲಭ್ಯವಿಲ್ಲ’ ಎನ್ನುವ ಉತ್ತರ ಬರೆಯುವ ಪ್ರಸಂಗವೂ ಬರುತ್ತದೆ. ಕಳೆದುಹೋಗುವುದು ಕಾಯ್ದೆಯಲ್ಲಿ ವಿನಾಯಿತಿಯಲ್ಲ. ಹುಡುಕಬೇಕು, ಸಿಗದಿದ್ದರೆ ವಿಚಾರಣೆ ನಡೆಸಿ ಹೊಣೆ ಯಾರದು ಎಂದು ಗೊತ್ತುಮಾಡಬೇಕು ಎಂದು ದೆಹಲಿ ಹೈಕೋರ್ಟ್ 2013ರ ವಿಶ್ವಾಸ್ ಭಾಂಬುರ್ಕರ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಅಧಿಕಾರ ವಹಿಸಿಕೊಳ್ಳುವಾಗ ಕಡತಗಳ ಪಟ್ಟಿಯನ್ನು ಓದದೆ ಸಹಿ ಹಾಕಬೇಡ. ಬಾಕಿ ಇರುವ ಅರ್ಜಿಗಳ ಪಟ್ಟಿಯನ್ನೂ ಅದರ ಜೊತೆ ಕೇಳಿ ಪಡೆ.

ನೀನು ಮಾಡಬೇಕಿಲ್ಲದ ಕೆಲಸವೂ ಇದೆ. ಇರುವ ದಾಖಲೆ ಕೊಡಬೇಕೇ ಹೊರತು ಹೊಸ ಕೋಷ್ಟಕ ಕಟ್ಟಿ ಕೊಡಬೇಕಾಗಿಲ್ಲ, ಅಭಿಪ್ರಾಯ ಹೇಳಬೇಕಾಗಿಲ್ಲ. 2011ರಲ್ಲಿ ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿತು. ಅದೇ ತೀರ್ಪು ವಿದ್ಯಾರ್ಥಿಗೆ ತನ್ನ ಉತ್ತರ ಪತ್ರಿಕೆ ನೋಡುವ ಹಕ್ಕನ್ನೂ ಕೊಟ್ಟಿತು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ, ಸಾಮಾನ್ಯವಾಗಿ 150 ಪದ ಮೀರದಂತೆ ಇರಬೇಕೆಂದಿದೆ. ಆ ‘ಸಾಮಾನ್ಯವಾಗಿ’ಯನ್ನು ಗಮನಿಸು. ಪದ ಎಣಿಸಿ ಅರ್ಜಿ ತಳ್ಳುವುದು ಸಣ್ಣತನ. ಕೇಳಿದ್ದು ತೀರಾ ರಾಶಿಯಾಗಿದ್ದರೆ ದಿನ ಗೊತ್ತುಮಾಡಿ ‘ಬಂದು ಕಡತ ನೋಡಿ, ಬೇಕಾದ ಪುಟ ಆರಿಸಿಕೊಳ್ಳಿ’ ಎಂದು ಕರೆ.

ಅರ್ಜಿಯನ್ನೇ ಕಸುಬು ಮಾಡಿಕೊಂಡವರು, ಹೆದರಿಸಿ ದುಡ್ಡು ಕೀಳುವವರು ಇದ್ದಾರೆ. ಇಲ್ಲವೆಂದರೆ ಸುಳ್ಳಾಗುತ್ತದೆ. ಅಂಥವರಿಂದ ಬಿಡಿಸಿಕೊಳ್ಳುವ ದಾರಿ ದಾಖಲೆಯನ್ನು ಎಲ್ಲರಿಗೂ ಕಾಣುವಂತೆ ಮಾಡುವುದು. ಕಾಮಗಾರಿಯ ಮೊತ್ತ, ಗುತ್ತಿಗೆದಾರನ ಹೆಸರು, ಬಿಲ್ಲು ಪಾವತಿಯಾದ ದಿನಾಂಕ ಗೋಡೆಯ ಮೇಲೇ ಬರೆಸಿದ್ದರೆ, ಬಯಲು ಮಾಡುತ್ತೇನೆಂದು ನಿನ್ನನ್ನು ಹೆದರಿಸಲು ಯಾರಿಗೂ ಏನೂ ಉಳಿಯುವುದಿಲ್ಲ. ಕೆಲವರ ಕಾಟವನ್ನು ನೆಪ ಮಾಡಿಕೊಂಡು ಬಂದವರನ್ನೆಲ್ಲ ಅನುಮಾನದಿಂದ ನೋಡುವ ಅಧಿಕಾರಿಯನ್ನು ನಾನು ಕ್ಷಮಿಸಲಾರೆ.

ನಿರಾಕರಿಸಲೇಬೇಕಾದಾಗ ಕಾರಣ ಬರೆ, ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ ಎನ್ನುವುದನ್ನೂ ಬರೆ. ನಿನ್ನ ತೀರ್ಮಾನದ ಮೇಲೆ 30 ದಿನದೊಳಗೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಮೇಲ್ಮನವಿ ಹೋಗುತ್ತದೆ. ಅವರು 30 ದಿನದೊಳಗೆ, ಹೆಚ್ಚೆಂದರೆ ಕಾರಣ ದಾಖಲಿಸಿ 45 ದಿನದೊಳಗೆ ಮುಗಿಸಬೇಕು. ಆ ವಿಚಾರಣೆಗೆ ಬರಿಗೈಯಲ್ಲಿ ಹೋಗಬೇಡ, ಕಡತ ಹಿಡಿದು ಹೋಗು. ಕೊಡಬಹುದಿತ್ತು ಎಂದು ಆಗ ಅನ್ನಿಸಿದರೆ ಆದೇಶಕ್ಕೆ ಕಾಯದೆ ಅಲ್ಲೇ ಕೊಟ್ಟುಬಿಡು. ಮುಂದೆ ನೀನೇ ಆ ಕುರ್ಚಿಯಲ್ಲಿ ಕೂತಾಗ, ಕೆಳಗಿನವರು ಬರೆದು ತಂದ ಆದೇಶಕ್ಕೆ ಬರೀ ಸಹಿ ಹಾಕಬೇಡ. ಹೆಚ್ಚಿನ ಕಡೆ ಮೊದಲ ಮೇಲ್ಮನವಿ ಕೆಡುವುದು ಅಲ್ಲೇ. ಅಲ್ಲಿ ಕೆಟ್ಟದ್ದಕ್ಕೆ ಅರ್ಜಿದಾರರು 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗದ ಬಾಗಿಲು ತಟ್ಟಬೇಕಾಗುತ್ತದೆ. ಅಲ್ಲಿ ಎರಡನೇ ಮೇಲ್ಮನವಿ ತೀರ್ಮಾನಕ್ಕೆ ಕಾಯ್ದೆ ಗಡುವನ್ನೇ ಹಾಕಿಲ್ಲ, ತಮ್ಮ ಸರದಿಗೆ ಜನ ಬಹಳ ಕಾಲ ಕಾಯುತ್ತಾರೆ.

ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ನಿನ್ನ ಮೇಲೇ ದಂಡ ಹಾಕಬಹುದು. ಹಾಕುವ ಮುನ್ನ ನಿನ್ನ ಮಾತು ಕೇಳಲೇಬೇಕು. ಕಡತ ನೋಡಿದ, ಬರೆದು ಕೇಳಿದ, ಸಕಾಲಕ್ಕೆ ಉತ್ತರಿಸಿದ ದಾಖಲೆ ಇರುವವರು ಅಲ್ಲಿ ಹೆದರಬೇಕಾಗಿಲ್ಲ. ಸದ್ಭಾವನೆಯಿಂದ ಮಾಡಿದ ಕೆಲಸಕ್ಕೆ ಕಲಂ 21ರ ರಕ್ಷಣೆಯೂ ಇದೆ.

ನಾಳೆ ಕಚೇರಿಗೆ ಹೋದ ಕೂಡಲೇ ಅರ್ಜಿಗಳ ವಹಿ ತರಿಸು. 30 ದಿನ ದಾಟಿದ ಅರ್ಜಿಗಳನ್ನು ಪಟ್ಟಿ ಮಾಡಿ ಮೊದಲು ಅವುಗಳ ಕಡತ ತೆಗೆಸು. ಅವಕ್ಕೆ ಇನ್ನು ಶುಲ್ಕ ಕೇಳುವಂತಿಲ್ಲ, ಪುಟ ಎಷ್ಟೇ ಇದ್ದರೂ ಉಚಿತವಾಗಿ ಕೊಡಬೇಕು.