ಆಟದ ಪೆಟ್ಟಿಗೆಯೂ ಮೇಜಿನ ಕಂಪ್ಯೂಟರೂ

ಜಯನಗರದ ಒಂದು ಮನೆಯಲ್ಲಿ ವಿದ್ಯಾರ್ಥಿಯೊಬ್ಬನು ಟೆಲಿವಿಷನ್ನಿನ ಮುಂದೆ ಕುಳಿತು ಕಾಲ್ಚೆಂಡಿನ ಆಟವನ್ನಾಡುತ್ತಿರುವನೆಂದು ಭಾವಿಸೋಣ. ಟೆಲಿವಿಷನ್ನಿಗೆ ಜೋಡಿಸಿರುವುದು ‘ಕನ್ಸೋಲ್’ ಎಂಬ ಆಟದ ಪೆಟ್ಟಿಗೆ. ಅದೇ ಹೊತ್ತಿನಲ್ಲಿ ಬಿ.ಟಿ.ಎಂ. ಬಡಾವಣೆಯಲ್ಲಿರುವ ಅವನ ಸಹಪಾಠಿಯು ಅದೇ ಆಟವನ್ನು ಮೇಜಿನ ಮೇಲಣ ಕಂಪ್ಯೂಟರಿನಲ್ಲಿ ಆಡುತ್ತಿರುವನು. ಇಬ್ಬರಿಗೂ ಕಾಣುವ ಮೈದಾನವೊಂದೇ, ಆಟಗಾರರೂ ಅವರೇ. ಹಾಗಾದರೆ ಈ ಎರಡು ಯಂತ್ರಗಳಿಗೂ ಇರುವ ಭೇದವೇನು? ಮನೆಯ ಹಿರಿಯರು ಕಷ್ಟಪಟ್ಟು ಅರ್ಧ ಲಕ್ಷ ರೂಪಾಯಿ ಕೂಡಿಟ್ಟು “ಯಾವುದನ್ನು ಕೊಳ್ಳೋಣ?” ಎಂದು ಕೇಳಿದರೆ ಏನೆಂದು ಉತ್ತರ ಕೊಡಬೇಕು? ಜಾಹೀರಾತುಗಳನ್ನು ಬದಿಗಿಟ್ಟು ವಿಚಾರ ಮಾಡೋಣ.

ಮೊದಲು ಯಂತ್ರವು ಮಾಡಬೇಕಾದ ಕೆಲಸವೆಷ್ಟೆಂಬುದನ್ನು ತಿಳಿಯಬೇಕು. ಪರದೆಯ ಚಿತ್ರವು ಸಣ್ಣ ಸಣ್ಣ ಚುಕ್ಕೆಗಳಿಂದಾದುದು. ‘4ಕೆ’ ಎಂದು ಕರೆಯುವ ಪರದೆಯಲ್ಲಿ ಅಡ್ಡಲಾಗಿ 3,840, ಉದ್ದಕ್ಕೆ 2,160 ಚುಕ್ಕೆಗಳಿರುತ್ತವೆ. ಇವುಗಳ ಗುಣಲಬ್ಧ ಸುಮಾರು 83 ಲಕ್ಷ. ಚಲನೆಯು ನಯವಾಗಿ ಕಾಣಬೇಕಾದರೆ ಸೆಕೆಂಡಿಗೆ 60 ಚಿತ್ರಗಳನ್ನು ಬಿಡಿಸಬೇಕು. ಎಂದರೆ ಸೆಕೆಂಡೊಂದರಲ್ಲಿ ಸುಮಾರು 50 ಕೋಟಿ ಚುಕ್ಕೆಗಳ ಬಣ್ಣವನ್ನು ನಿರ್ಣಯಿಸಬೇಕಾಗುವುದು!

ಇಷ್ಟು ಕೆಲಸವನ್ನು ಹಂಚಿಕೊಳ್ಳುವ ಬಗೆಯನ್ನು ಮದುವೆಮನೆಯ ಅಡುಗೆಗೆ ಹೋಲಿಸಬಹುದು. ಯಾವ ಭಕ್ಷ್ಯ ಮೊದಲು, ಯಾವುದು ಅನಂತರ ಎಂದು ಯೋಚಿಸಿ ಅಪ್ಪಣೆ ಮಾಡುವ ಮುಖ್ಯ ಬಾಣಸಿಗರು ಕೆಲವರೇ. ಒಂದೇ ಬಗೆಯಲ್ಲಿ ತರಕಾರಿ ಹೆಚ್ಚುವವರು ಹಲವರು. ಯಂತ್ರದಲ್ಲಿ ಮೊದಲನೆಯವರ ಸ್ಥಾನ ಪ್ರೊಸೆಸರಿನದು, ಎರಡನೆಯವರದು ಗ್ರಾಫಿಕ್ಸ್ ಪ್ರೊಸೆಸರಿನದು. 2020ರ ನವೆಂಬರಿನಲ್ಲಿ ಹೊರಬಂದ ಪ್ಲೇಸ್ಟೇಷನ್ 5 ಎಂಬ ಕನ್ಸೋಲಿನಲ್ಲಿ ಬಾಣಸಿಗರು 8, ಹೆಚ್ಚುವವರು 2,304. ಈ 2,304 ಘಟಕಗಳಲ್ಲಿ ಪ್ರತಿಯೊಂದೂ ಸೆಕೆಂಡಿಗೆ 223 ಕೋಟಿ ಸಲ ಮಿಡಿದು, ಮಿಡಿತಕ್ಕೊಂದು ಗುಣಾಕಾರ ಮತ್ತು ಒಂದು ಸಂಕಲನವನ್ನು ಮಾಡಬಲ್ಲುದು. ಲೆಕ್ಕ ಹಾಕಿದರೆ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 10.28 ಲಕ್ಷ ಕೋಟಿ ಗಣನೆಗಳಾಗುವುವು. ಇದನ್ನು 50 ಕೋಟಿಯಿಂದ ಭಾಗಿಸಿದರೆ, ಒಂದೊಂದು ಚುಕ್ಕೆಯ ಪಾಲಿಗೂ ಸುಮಾರು 20,000 ಗಣನೆಗಳು ದೊರೆಯುತ್ತವೆ. ಅದೂ ಸಾಲದೆ ಬಂದಾಗ ಆಟಗಳು ಕಡಮೆ ಚುಕ್ಕೆಗಳನ್ನು ಗಣಿಸಿ ಚಿತ್ರವನ್ನು ಹಿಗ್ಗಿಸುವುದೂ ಉಂಟು.

ಆಟವಾಡುವ ಕಂಪ್ಯೂಟರಿನಲ್ಲಿಯೂ ಅಂಗಗಳು ಇವೇ. ಹಿಂದೆ ಹೀಗಿರಲಿಲ್ಲ. 1983ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆ ಹೊರತಂದ ಫ್ಯಾಮಿಕಾಮ್ ಕನ್ಸೋಲಿನ ಪ್ರೊಸೆಸರಿಗೆ ಕೆಲಸ ಮಾಡಲು ಇದ್ದ ಸ್ಮೃತಿ ಕೇವಲ 2 ಕಿಲೋಬೈಟ್. ಚಿತ್ರ ಬಿಡಿಸಲು ಅದರೊಳಗೆ ಬೇರೆಯೇ ಒಂದು ಚಿಪ್ ಇತ್ತು. 2006ರ ಪ್ಲೇಸ್ಟೇಷನ್ 3ರಲ್ಲಿದ್ದ ‘ಸೆಲ್’ ಪ್ರೊಸೆಸರೂ ಮನೆಯ ಕಂಪ್ಯೂಟರುಗಳಲ್ಲಿ ಕಾಣದಂಥದು. 2013ರಿಂದೀಚೆಗೆ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳೆರಡೂ ಕಂಪ್ಯೂಟರಿನ ಜಾತಿಯ ಪ್ರೊಸೆಸರುಗಳನ್ನೇ ಬಳಸತೊಡಗಿದವು. ಆದುದರಿಂದ ಇಂದಿನ ಭೇದವಿರುವುದು ಅಂಗಗಳಲ್ಲಿ ಅಲ್ಲ, ಅವುಗಳ ಜೋಡಣೆಯಲ್ಲಿ.

ಈ ಜೋಡಣೆಯಲ್ಲಿ ಗಮನಿಸತಕ್ಕ ಮೊದಲನೆಯ ಅಂಶ ಸ್ಮೃತಿ. ಪ್ಲೇಸ್ಟೇಷನ್ 5ರಲ್ಲಿ ಬಾಣಸಿಗರಿಗೂ ಹೆಚ್ಚುವವರಿಗೂ ಒಂದೇ ಉಗ್ರಾಣ: 16 ಗಿಗಾಬೈಟ್ ಸ್ಮೃತಿ. ಅದರಿಂದ ಸೆಕೆಂಡಿಗೆ 448 ಗಿಗಾಬೈಟಿನಷ್ಟು ಮಾಹಿತಿ ಹರಿಯಬಲ್ಲುದು. ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಉಗ್ರಾಣಗಳು ಎರಡು: ಪ್ರೊಸೆಸರಿನದು ಒಂದು, ಗ್ರಾಫಿಕ್ಸ್ ಕಾರ್ಡಿನದು ಇನ್ನೊಂದು. ಕಾರ್ಡಿನ ಉಗ್ರಾಣವು ಕನ್ಸೋಲಿನದಕ್ಕಿಂತ ವೇಗವಾದುದೂ ಆಗಿರಬಹುದು. ಆದರೆ ಎರಡರ ನಡುವಣ ಹಾದಿಯು ಇಕ್ಕಟ್ಟು. ನಾಲ್ಕನೆಯ ಪೀಳಿಗೆಯ ಹಾದಿಯಲ್ಲಿ ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 32 ಗಿಗಾಬೈಟ್ ಮಾತ್ರ ಸಾಗೀತು. ಹಾಗೆಂದು ಎರಡು ಉಗ್ರಾಣಗಳು ಬರಿಯ ದೋಷವಲ್ಲ. ಒಬ್ಬರ ಸಾಮಗ್ರಿಗೆ ಇನ್ನೊಬ್ಬರು ನುಗ್ಗುವುದು ತಪ್ಪುವುದಲ್ಲದೆ, ಸಾಲದಾದಾಗ ಒಂದನ್ನು ಮಾತ್ರ ಹಿಗ್ಗಿಸಲೂಬಹುದು. ಬನಶಂಕರಿಯಿಂದ ಮೆಟ್ರೊದಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೋಗಿ, ಅಲ್ಲಿಂದ ನಡೆದು ಎಸ್.ಪಿ. ರಸ್ತೆಯನ್ನು ಸೇರಿದರೆ, ಕಂಪ್ಯೂಟರಿನ ಒಂದೊಂದು ಅಂಗವನ್ನೂ ಬಿಡಿಬಿಡಿಯಾಗಿ ಕೊಂಡುತರಬಹುದು. ಕನ್ಸೋಲಿನ ಸ್ಮೃತಿ ಮತ್ತು ಪ್ರೊಸೆಸರುಗಳಿಗೆ ಇಂಥ ಸೌಕರ್ಯವಿಲ್ಲ. ಅವನ್ನು ಫಲಕಕ್ಕೆ ಬೆಸೆದಿರುತ್ತಾರೆ.

ಎರಡನೆಯ ಅಂಶ, ಆಟವನ್ನು ರಚಿಸುವವರಿಗೆ ಯಂತ್ರದ ಪರಿಚಯ ಎಷ್ಟು ಎಂಬುದು. ಒಂದೇ ಮಾದರಿಯ ಕನ್ಸೋಲುಗಳೆಲ್ಲವೂ ಒಳಗೆ ಒಂದೇ ತೆರನಾಗಿರುವುದರಿಂದ, ಚಿತ್ರ ಬಿಡಿಸುವ ಆದೇಶಗಳನ್ನು ಅದರ ಗ್ರಾಫಿಕ್ಸ್ ಪ್ರೊಸೆಸರಿನ ಭಾಷೆಗೆ ಮೊದಲೇ ಪರಿವರ್ತಿಸಿ ಕೊಡಬಹುದು. ಕಂಪ್ಯೂಟರಿನಲ್ಲಿ ಯಾವ ಕಾರ್ಡು ಇರುವುದೋ ಯಾರು ಬಲ್ಲರು? ಪರಿವರ್ತನೆಯು ಮನೆಯಲ್ಲಿಯೇ ನಡೆಯಬೇಕಾಗುವುದು. ಹೊಸ ಆಟವು ಮೊದಲ ಸಲ ತೆರೆದಾಗ ಬಹಳ ಹೊತ್ತು ಕಾಯಿಸುವುದಕ್ಕೂ, ನಡುನಡುವೆ ತಡವರಿಸುವುದಕ್ಕೂ ಇದೊಂದು ಕಾರಣ.

ಇನ್ನು ಬೆಲೆ. 2021ರ ಫೆಬ್ರವರಿಯಲ್ಲಿ ಭಾರತದಲ್ಲಿ ಮಾರಾಟಕ್ಕೆ ಬಂದಾಗ, ತಟ್ಟೆ ಹಾಕುವ ಪ್ಲೇಸ್ಟೇಷನ್ 5ರ ಬೆಲೆ 49,990 ರೂಪಾಯಿ. ಅಷ್ಟೇ ಸಾಮರ್ಥ್ಯದ ಕಂಪ್ಯೂಟರು ಆ ಹಣಕ್ಕೆ ಸಿಕ್ಕುವುದು ದುರ್ಲಭವಾಗಿತ್ತು. ಇದರ ಗುಟ್ಟೇನು? ಕನ್ಸೋಲನ್ನು ತಯಾರಕರು ಅಲ್ಪ ಲಾಭಕ್ಕೆ, ಕೆಲವೊಮ್ಮೆ ನಷ್ಟಕ್ಕೂ ಮಾರಿ, ಮಾರಾಟವಾಗುವ ಪ್ರತಿ ಆಟದಿಂದಲೂ ಪಾಲು ಪಡೆದು ಹಣವನ್ನು ಹಿಂದಿರುಗಿಸಿಕೊಳ್ಳುತ್ತಾರೆ. ಅದರ ಕೆಲವು ಹೊಸ ಆಟಗಳ ಬೆಲೆ ಆಗ 4,999 ರೂಪಾಯಿಯಿತ್ತು. ಇಂಥ ಹತ್ತು ಆಟಗಳನ್ನು ಕೊಂಡರೆ ಇನ್ನೊಂದು ಕನ್ಸೋಲಿನ ಬೆಲೆಯೇ ಆಗುವುದು! ಬೆಲೆಗಳು ಕಾಲಕಾಲಕ್ಕೆ ಬದಲಾಗುವುವು. ಲೆಕ್ಕ ಹಾಕುವ ಕ್ರಮ ಮಾತ್ರ ಬದಲಾಗದು. ಯಂತ್ರ, ಪರದೆ, ನಾಲ್ಕೈದು ವರ್ಷಗಳಲ್ಲಿ ಕೊಳ್ಳುವ ಆಟಗಳು, ಚಂದಾ, ವಿದ್ಯುತ್ತು ಇಷ್ಟನ್ನೂ ಕೂಡಿಸಿಯೇ ಹೋಲಿಸಬೇಕು. ದಿನಕ್ಕೆ ಎರಡು ಗಂಟೆ ಆಡಿದರೆ, 200 ವ್ಯಾಟಿನ ಯಂತ್ರವು ತಿಂಗಳಿಗೆ 12 ಯೂನಿಟ್, 400 ವ್ಯಾಟಿನದು 24 ಯೂನಿಟ್ ವಿದ್ಯುತ್ತನ್ನು ಬಳಸುವುದು.

ವಿದ್ಯಾರ್ಥಿಗಳು ವಿಚಾರಿಸಬೇಕಾದ ಇನ್ನೊಂದು ಮುಖ್ಯ ಸಂಗತಿಯಿದೆ. ಯಂತ್ರವು ಯಾರ ಮಾತನ್ನು ಕೇಳುವುದು? ಪ್ಲೇಸ್ಟೇಷನ್ 3ರಲ್ಲಿ ಲಿನಕ್ಸ್ ವ್ಯವಸ್ಥೆಯನ್ನು ಹೂಡಲು ಮೊದಲು ಅವಕಾಶವಿತ್ತು. ಅಮೆರಿಕದ ವಾಯುಸೇನೆಯ ಸಂಶೋಧನಾಲಯವು ಅಂಥ 1,700ಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ಹೆಣೆದು 2010ರಲ್ಲಿ ಒಂದು ಮಹಾಗಣಕವನ್ನೇ ನಿರ್ಮಿಸಿತು. ಅದೇ ವರ್ಷ ಸೋನಿ ಸಂಸ್ಥೆಯು ಆ ಅವಕಾಶವನ್ನು ರದ್ದುಪಡಿಸಿತು. ಕಂಪ್ಯೂಟರಿನ ಕಥೆ ಬೇರೆ. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಮೂವರು ಸಂಶೋಧಕರು ಚಿತ್ರಗಳನ್ನು ಗುರುತಿಸಲು ಕಲಿಯುವ ಅಲೆಕ್ಸ್‌ನೆಟ್ ಎಂಬ ಜಾಲವನ್ನು ರೂಪಿಸಿದರು. ಅದನ್ನು ತರಬೇತುಗೊಳಿಸಿದ್ದು ಆಟಕ್ಕೆಂದೇ ಮಾರುತ್ತಿದ್ದ ಎರಡು ಗ್ರಾಫಿಕ್ಸ್ ಕಾರ್ಡುಗಳಿಂದ! ಇಂದಿನ ಕೃತಕ ಬುದ್ಧಿಯ ಬೆಳವಣಿಗೆಯಲ್ಲಿ ಅದೊಂದು ಮೈಲಿಗಲ್ಲು. 2022ರಲ್ಲಿ ನಮ್ಮ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪಿತವಾದ ‘ಪರಮ್ ಪ್ರವೇಗ’ ಮಹಾಗಣಕದಲ್ಲಿಯೂ ಗ್ರಾಫಿಕ್ಸ್ ಪ್ರೊಸೆಸರುಗಳಿವೆ.

ಆದುದರಿಂದ ಮನೆಯಲ್ಲಿ ಪಾಠಕ್ಕೂ ಪ್ರೋಗ್ರಾಮ್ ಬರೆಯುವುದಕ್ಕೂ ಬೇರೊಂದು ಕಂಪ್ಯೂಟರು ಈಗಾಗಲೇ ಇದ್ದು, ಆಟವೊಂದೇ ಉದ್ದೇಶವಾದರೆ ಕನ್ಸೋಲು ಸಾಕು. ಕೊಟ್ಟ ಹಣಕ್ಕೆ ಮೋಸವಿಲ್ಲ. ಕೊಳ್ಳುವ ಯಂತ್ರವೊಂದೇ ಆದರೆ ಕಂಪ್ಯೂಟರನ್ನೇ ಆರಿಸಿಕೊಳ್ಳುವುದು ಲೇಸು. ಚಿತ್ರ ಸ್ವಲ್ಪ ಮಂಕಾದರೂ ಚಿಂತೆಯಿಲ್ಲ. ಹಗಲು ಗಣಿತವನ್ನು ಕಲಿಸಿದ ಯಂತ್ರವೇ ಸಂಜೆ ಕಾಲ್ಚೆಂಡನ್ನೂ ಆಡಿಸುವುದು. ಎರಡು ವರ್ಷಗಳ ಅನಂತರ ಕೈಯಲ್ಲಿ ಹಣ ಸೇರಿದಾಗ ಒಂದು ಹೊಸ ಕಾರ್ಡನ್ನು ತಂದು ಕೂಡಿಸಿದರಾಯಿತು.